ಹೆಸರು ಕೇಳದೆ ತೂಗುವವರು

ಕಳೆದ ತಿಂಗಳು ಕೆಜಿಎಫ್‌ನ ಊರಿಗಾಂನಲ್ಲಿ ಆ ಮನೆಯ ಮುಂದೆ ಒಂದು ಬೆಂಚಿನ ಮೇಲೆ ಅವರನ್ನು ಮಲಗಿಸಿದ್ದರು. ಹಾರಗಳ ನಡುವೆ ಮುಖ ಮಾತ್ರ ಕಾಣುತ್ತಿತ್ತು. ನಾನು ಹತ್ತಿರ ಹೋಗಿ ನಿಂತವನು ಉಸಿರು ಹಿಡಿದುಬಿಟ್ಟೆ. ದುಃಖಕ್ಕಲ್ಲ, ಅಭ್ಯಾಸಕ್ಕೆ. ಆರು ವರ್ಷ ಅವರ ಮೇಜಿನ ಹತ್ತಿರ ಹೋದಾಗಲೆಲ್ಲ ಕೇಳಿದ್ದು ಒಂದೇ ಮಾತು: "ಉಸಿರು ಬಿಡಬೇಡಪ್ಪಾ, ತಟ್ಟೆ ಅಲ್ಲಾಡ್ತದೆ." ಆವತ್ತೂ ಹೇಳಿಯಾರು ಅನ್ನಿಸಿತು.

ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ತ್ರಾಸು ಇತ್ತು. ಅದಕ್ಕೇ ಗಣಿ ಕೆಲಸಗಾರರ ಲೈನ್ ಮನೆಗಳವರೆಲ್ಲ ಅವರನ್ನು ತ್ರಾಸಮ್ಮ ಎನ್ನುತ್ತಿದ್ದರು. ಅವರ ತಂದೆ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕಂಪನಿಯ ಸಾಹೇಬರ ಕ್ಲಬ್ಬಿನಲ್ಲಿದ್ದ ಗಾಳಿಕೋವಿಗಳನ್ನು ರಿಪೇರಿ ಮಾಡುತ್ತಿದ್ದವರೂ ಅವರೇ. ಕ್ಲಬ್ಬಿನೊಳಗೆ ಕಾಲಿಡುವ ಹಾಗಿಲ್ಲ, ಆದರೆ ಕೋವಿ ಕೆಟ್ಟರೆ ಫಿಟ್ಟರ್ ಮನೆಗೇ ಬರಬೇಕು. ಪಕ್ಕದಲ್ಲಿ ಕುಳಿತು ಸ್ಪ್ರಿಂಗ್ ಹಿಡಿದುಕೊಟ್ಟ ಮಗಳಿಗೆ ಆ ವಿದ್ಯೆ ಕೈಗೆ ಬಂತು. ತಂದೆ ತೀರಿಕೊಂಡ ಮೇಲೆ ಕಂಪನಿ ಅವರಿಗೆ ಚಿನ್ನ ಪರೀಕ್ಷೆ ಮಾಡುವ ಆಫೀಸಿನಲ್ಲಿ ಕೆಲಸ ಕೊಟ್ಟಿತು. ಸುರಂಗದಿಂದ ಬಂದ ಬಂಡೆಯ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿದರೆ ಕೊನೆಗೆ ಸಾಸಿವೆಗಿಂತ ಸಣ್ಣ ಚಿನ್ನದ ಕಾಳು ಉಳಿಯುತ್ತದೆ. ಅದನ್ನು ತೂಗುವುದು ಅವರ ಕೆಲಸ. ಗಣಿ ಮುಚ್ಚಿ ಸಾಮಾನು ವಿಲೇವಾರಿಯಾದಾಗ ಬೇರೆಯವರು ಕಬ್ಬಿಣ, ತೇಗದ ಕುರ್ಚಿ ಹೊತ್ತುಕೊಂಡು ಹೋದರು. ಇವರು ತಾವು ತೂಗಲು ಬಳಸುತ್ತಿದ್ದ ತ್ರಾಸನ್ನೇ ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ಮನೆಗೆ ತಂದರು.

ಆಮೇಲೆ ಮನೆಯ ಹಿಂದಿನ ಪಾಳು ಶೆಡ್ಡಿನಲ್ಲಿ ಹತ್ತು ಮೀಟರಿನ ಗುರಿ ಅಭ್ಯಾಸದ ಜಾಗ ಮಾಡಿದರು. ಹಲಗೆ, ಹಿಂದೆ ಮರಳು ತುಂಬಿದ ಗೋಣಿ, ಮುಂದೆ ಅಡ್ಡ ಕಟ್ಟಿದ ಒಂದು ಹಗ್ಗ. ಶಾಲೆಯ ಹುಡುಗಿಯರು ಬರುತ್ತಿದ್ದರು, ಪೊಲೀಸ್ ಕೆಲಸಕ್ಕೆ ಸೇರಬೇಕೆನ್ನುವವರು ಬರುತ್ತಿದ್ದರು. ಎಲ್ಲ ಕೋವಿಗಳ ನಳಿಕೆಯನ್ನು ಕೀಲಿನಲ್ಲಿ ಮಡಚಿ ಬಾಯಿ ತೆರೆದಿಡುವ ತನಕ ಯಾರೂ ಹಗ್ಗ ದಾಟುವ ಹಾಗಿಲ್ಲ. ಒಬ್ಬ ದೊಡ್ಡ ಮನೆಯವನು ಒಮ್ಮೆ ತಮಾಷೆಗೆ ಗೆಳೆಯನ ಎದೆಗೆ ಕೋವಿ ಹಿಡಿದು, "ಖಾಲಿ ಇದೆ ಅಮ್ಮ, ಇದ್ರೂ ಬರೀ ಗಾಳಿ ತಾನೇ" ಎಂದನಂತೆ. ಇವರು ಬೈಯಲಿಲ್ಲ. ಅವನ ಚಪ್ಪಲಿ ಎತ್ತಿ ಬೀದಿಗೆ ಇಟ್ಟು ಬಂದರು. ಅವನ ತಂದೆ ಬಂದು ಕೇಳಿಕೊಂಡರೂ ಆ ಚಪ್ಪಲಿ ಮತ್ತೆ ಒಳಗೆ ಬರಲಿಲ್ಲ.

ನಾನು ಯಾರೆಂದು ಹೇಳಲಿಲ್ಲ. ಬೇತಮಂಗಲದ ಪಕ್ಕದ ಒಂದು ಹಳ್ಳಿಯ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಕೊಬ್ಬಿನ ಅಂಶ ನೋಡುವುದು, ನೀರು ಬೆರೆಸಿದವರ ಜೊತೆ ಜಗಳ ಆಡುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನನ್ನ ಹೆಂಡತಿ ಮಂಜುಳಾ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಮನೆಯ ಹಿಂದೆ ಟೊಮೆಟೊ ತೋಟ. ಕೋತಿಗಳ ಕಾಟ ಹೆಚ್ಚಾಯಿತೆಂದು ಬಂಗಾರಪೇಟೆಯಿಂದ ಒಂದು ಗಾಳಿಕೋವಿ ತಂದೆ. ಅಂಗಡಿಯವನು ಹೇಳಿದ ಮಾತು ಎರಡು. ಇದರಷ್ಟು ಪವರ್ ಇನ್ನೊಂದಿಲ್ಲ ಎನ್ನುವುದು ಒಂದು. ಗಾಳಿ ತಾನೇ, ಯಾರಿಗೂ ಏನೂ ಆಗಲ್ಲ ಎನ್ನುವುದು ಇನ್ನೊಂದು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಆಗ ನನಗೆ ಹೊಳೆಯಲಿಲ್ಲ. ಹಾಲಿನಲ್ಲಿ ನೀರು ಹುಡುಕುವ ಬುದ್ಧಿ ಅಂಗಡಿಯವನ ಮಾತಿನ ಮುಂದೆ ಮಲಗಿಬಿಟ್ಟಿತ್ತು.

ಆರು ತಿಂಗಳಲ್ಲಿ ಕೋವಿಯ ಶಕ್ತಿ ಕುಂದಿತು. ಯಾರೋ ತ್ರಾಸಮ್ಮನ ಹೆಸರು ಹೇಳಿದರು. ಹೋದೆ. ಅವರು ಕೋವಿಯ ನಳಿಕೆ ಮಡಚಿ ಮೂಸಿ ನೋಡಿದರು.

"ಏನು ಎಣ್ಣೆ ಹಾಕ್ತೀಯಪ್ಪಾ?"

"ಕೊಬ್ಬರಿ ಎಣ್ಣೆ. ಎರಡು ಹನಿ ಬಿಟ್ರೆ ಢಂ ಅಂತದೆ. ನಮ್ ಕಡೆ ಎಲ್ಲಾ ಅಂಗೇ ಮಾಡೋದು. ಪವರ್ ಬತ್ತದೆ."

"ಪವರ್ ಅಲ್ಲ, ಬೆಂಕಿ ಬರ್ತದೆ. ಒಳಗೆ ಗಾಳಿ ಒತ್ತಿದಾಗ ಬಿಸಿ ಆಗಿ ಎಣ್ಣೆ ಉರೀತದೆ. ಆ ಢಂ ಅನ್ನೋದು ನಿನ್ನ ಸ್ಪ್ರಿಂಗು ಸಾಯೋ ಸದ್ದು."

ನನಗೆ ಸಿಟ್ಟು ಬಂತು. ಗಾಳಿಕೋವಿಯ ಸದ್ದಿಗೆ ಊರಿನಲ್ಲಿ ನನಗೊಂದು ಮರ್ಯಾದೆ ಇತ್ತು. ಸದ್ದಿದ್ದರೆ ಬಲ, ಬಲವಿದ್ದರೆ ಗುರಿ ಎಂದು ವಾದ ಮಾಡಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. ಒಂದು ಕಾಗದ ಹಲಗೆಗೆ ಅಂಟಿಸಿ, "ಐದು ಹೊಡಿ" ಎಂದರು. ನಾನು ಕೋವಿಯನ್ನು ಹೆಗಲಿಗೆ ಬಿಗಿಯಾಗಿ ಒತ್ತಿ, ಹಲ್ಲು ಕಚ್ಚಿ, ಐದು ಹೊಡೆದೆ. ಹತ್ತು ಮೀಟರಿನಲ್ಲಿ ಐದು ತೂತು ಐದು ದಿಕ್ಕಿಗೆ ಬಿದ್ದಿದ್ದವು. ಒಂದು ಕಾಗದದಲ್ಲೇ ಇರಲಿಲ್ಲ. ಅವರು ತಮ್ಮ ತಂದೆಯ ಕಾಲದ, ಕೆಮ್ಮಿದಷ್ಟೂ ಸದ್ದು ಮಾಡದ ಕೋವಿ ತೆಗೆದುಕೊಂಡರು. ಎಡಗೈ ಅಂಗೈಯನ್ನು ಬಿಚ್ಚಿ ಅದರ ಮೇಲೆ ಸುಮ್ಮನೆ ಮಲಗಿಸಿದರು. ಹಿಡಿಯಲೇ ಇಲ್ಲ. ಐದು ಹೊಡೆದರು. ಕಾಗದದ ಮೇಲೆ ಒಂದೇ ತೂತು, ಸ್ವಲ್ಪ ಅಗಲವಾಗಿತ್ತು.

"ಸ್ಪ್ರಿಂಗ್ ಕೋವಿ ಹಿಂದಕ್ಕೂ ಮುಂದಕ್ಕೂ ಒದೀತದೆ. ಅದರ ಇಷ್ಟಕ್ಕೆ ಬಿಟ್ರೆ ಪ್ರತಿ ಸಲ ಒಂದೇ ತರ ಒದೀತದೆ. ನೀನು ಕುತ್ತಿಗೆ ಹಿಸುಕಿದ್ರೆ ಪ್ರತಿ ಸಲ ಬೇರೆ ತರ. ಗುರಿ ಅಂದ್ರೆ ಬಲ ಅಲ್ಲಪ್ಪಾ. ಮಾಡಿದ್ದನ್ನೇ ಮತ್ತೆ ಮಾಡೋಕೆ ಬರೋದು."

ಇಂಥ ಮಾತು ಅವರ ಬಾಯಿಂದ ಸುಲಭವಾಗಿ ಬರುತ್ತಿತ್ತು, ಅದು ಬುದ್ಧಿವಾದ ಎನ್ನುವ ಬಿಂಕ ಇರುತ್ತಿರಲಿಲ್ಲ. ಬಂಗಾರಪೇಟೆಯ ಒಬ್ಬರು ದುಬಾರಿ ದುರ್ಬೀನು ಕಟ್ಟಿದ ಕೋವಿ ತಂದು, ಇನ್ನು ಗುರಿ ತಪ್ಪುವ ಪ್ರಶ್ನೆಯೇ ಇಲ್ಲ ಎಂದಾಗ, "ತಪ್ಪಿದ್ದು ದೊಡ್ಡದಾಗಿ ಕಾಣ್ತದೆ ಅಷ್ಟೇ" ಎಂದಿದ್ದರು. ಜಾತ್ರೆಯಲ್ಲಿ ದುಡ್ಡಿಗೆ ಬಲೂನು ಹೊಡೆಸುವ ಅಂಗಡಿಯವನೊಬ್ಬ ವರ್ಷಕ್ಕೊಮ್ಮೆ ಕೋವಿ ರಿಪೇರಿಗೆ ತರುತ್ತಿದ್ದ. ಅದರ ನಳಿಕೆಯ ತುದಿಯ ಗುರಿಗೂಟವನ್ನು ಇವರು ನೇರ ಮಾಡಿ ಕೊಟ್ಟರೆ, ಅವನು ಬಾಗಿಲ ಹೊರಗೆ ನಿಂತು ಮತ್ತೆ ಬಗ್ಗಿಸಿಕೊಂಡು ಹೋಗುತ್ತಿದ್ದ. ನೇರ ಇದ್ದರೆ ಅವನ ಹೊಟ್ಟೆ ತುಂಬುವುದು ಹೇಗೆ ಎಂದು ಇವರೂ ಕಂಡೂ ಕಾಣದ ಹಾಗೆ ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಿದ್ದರು.

ಮಧ್ಯಾಹ್ನದ ಹೊತ್ತು ಅವರು ಪೆಲೆಟ್ ತೂಗುತ್ತಿದ್ದರು. ಗಾಳಿಕೋವಿಗೆ ಹಾಕುವ ಸೀಸದ ಸಣ್ಣ ಗುಂಡು, ನಡುವಿನಲ್ಲಿ ಸೊಂಟ ಇರುತ್ತದಲ್ಲ, ಅದು. ಡಬ್ಬಿಯಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ, ತೂಗಿದರೆ ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ. ಹುಡುಗಿಯರು ಸ್ಪರ್ಧೆಗೆ ಹೋಗುವಾಗ ಒಂದೇ ತೂಕದವನ್ನು ಆರಿಸಿ ಔಷಧಿ ಬಾಟಲಿಯಲ್ಲಿ ತುಂಬಿ ಕೊಡುತ್ತಿದ್ದರು. ತೂಗುವಾಗ ಮೂರು ನಿಯಮ. ಉಸಿರು ಬಿಡಬಾರದು. ಮೂರು ಸಲ ತೂಗಬೇಕು, ಮೂರೂ ಒಂದೇ ಬಂದರೆ ಮಾತ್ರ ಬರೆಯಬೇಕು. ಮೂರನೆಯದು ಚಿನ್ನದ ಆಫೀಸಿನದು: ಅಲ್ಲಿ ಪೊಟ್ಟಣದ ಮೇಲೆ ನಂಬರ್ ಮಾತ್ರ ಇರುತ್ತಿತ್ತಂತೆ, ಯಾವ ಗುಂಡಿಯದು, ಯಾರ ಪಾಳಿಯದು ಎಂದು ತೂಗುವವರಿಗೆ ಹೇಳುತ್ತಿರಲಿಲ್ಲ.

"ಹೆಸರು ಗೊತ್ತಾದ್ರೆ ಕಣ್ಣು ಸುಳ್ಳು ಹೇಳ್ತದಪ್ಪಾ. ಮೊದ್ಲು ತೂಕ, ಆಮೇಲೆ ಹೆಸರು."

ನಾನು ಅದನ್ನು ತಲೆಯಾಡಿಸಿಕೊಂಡು ಕೇಳಿದೆ. ಕೇಳಿದ್ದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಸ್ಪ್ರಿಂಗ್ ಹೊಸದು ಹಾಕಿಸಿಕೊಂಡು ಮನೆಗೆ ಬಂದವನು ವಾರ ಕಳೆಯುವುದರೊಳಗೆ ಮತ್ತೆ ಎಣ್ಣೆ ಬಿಟ್ಟೆ. ಕೋತಿಗೆ ಗುರಿ ಇಡಬೇಡ, ಡಬ್ಬ ಬಡಿ ಸಾಕು ಎಂದಿದ್ದರು. ಅದನ್ನೂ ಕೇಳಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಹಸು ಚುಕ್ಕಿಯ ಎಡಗಣ್ಣು ಊದಿಕೊಂಡಿತು. ನೀರು, ಆಮೇಲೆ ಕೀವು. ಪಶುವೈದ್ಯರು ಬಂದು ಕಣ್ಣಿನ ಮೇಲಿನ ಮೂಳೆಯ ಸಂದಿಯಿಂದ ಚಪ್ಪಟೆಯಾದ ಒಂದು ಸೀಸದ ಚೂರು ತೆಗೆದರು. ಕಣ್ಣು ಹೋಗಿತ್ತು. ಚುಕ್ಕಿ ಹೊಸ ಕತ್ತಲಿನ ಕಡೆಗೆ ಮತ್ತೆ ಮತ್ತೆ ತಲೆ ತಿರುಗಿಸುತ್ತಿತ್ತು. ಹೊಡೆದವನು ಯಾರೆಂದು ಆ ಚೂರನ್ನು ಹಿಡಿದು ಲೆಕ್ಕ ಹಾಕತೊಡಗಿದೆ.

ನಮ್ಮ ಊರಿನಲ್ಲಿ ಸೀಸ ಇರುವುದು ಎಲ್ಲಿ? ಬೀಸುಬಲೆಯಲ್ಲಿ. ಬಲೆಯ ಅಂಚಿಗೆ ಸುತ್ತಲೂ ಸೀಸದ ಮಣಿ ಪೋಣಿಸಿರುತ್ತಾರೆ, ಮುಳುಗಲಿ ಎಂದು. ಊರಿನಲ್ಲಿ ಬೀಸುಬಲೆ ಇದ್ದದ್ದು ಚಲಪತಿಯೊಬ್ಬನ ಹತ್ತಿರ. ಕೂಲಿ ಮಾಡುವವನು, ಕೆಲಸವಿಲ್ಲದ ದಿನ ಬೇತಮಂಗಲದ ಕೆರೆಯಲ್ಲಿ ಬಲೆ ಬೀಸುವವನು. ಮೀನು ಕದಿಯುವ ನೀರುಕಾಗೆಗಳನ್ನು ಓಡಿಸಲು ಅವನ ಹತ್ತಿರ ರಬ್ಬರ್ ಬಿಲ್ಲೂ ಇತ್ತು. ಚುಕ್ಕಿಯನ್ನು ಕಟ್ಟುತ್ತಿದ್ದ ಬೀಳಿನ ಪಕ್ಕದಲ್ಲೇ ಅವನು ಕೆರೆಗೆ ಹೋಗುವ ದಾರಿ. ಬಲೆಯ ಮಣಿಯನ್ನೇ ಬಿಲ್ಲಿಗಿಟ್ಟು ಹೊಡೆದಿದ್ದಾನೆ, ಇನ್ನೇನು ಬೇಕು?

"ನೀವೂ ಆ ಕಡೀಕೇ ಒಡೀತಿದ್ರಲ್ಲ, ಕೋತಿಗೆ" ಎಂದಳು ಮಂಜುಳಾ.

"ನಾನು ಒಡಿಯೋದು ತ್ವಾಟದ ನೀರಿನ ಟ್ಯಾಂಕಿನ ಮ್ಯಾಲಿಂದ. ಅಲ್ಲಿಂದ ಬೀಳಿಗೆ ನೂರು ಎಜ್ಜೆ ಐತೆ. ಗಾಳಿಕೋವಿ ಮೂವತ್ತು ಎಜ್ಜೆಗೆ ಸುಸ್ತಾಗಿ ಬಿದ್ದೋಗ್ತದೆ. ನಿಂಗೇನ್ ಗೊತ್ತು, ಸುಮ್ಕಿರು" ಎಂದೆ.

ಮಾರನೆಯ ಬೆಳಿಗ್ಗೆ ಹಾಲಿನ ಸಾಲಿನಲ್ಲಿ ಊರೆಲ್ಲ ನಿಂತಿರುವಾಗ ಚಲಪತಿಯನ್ನು ಹಿಡಿದೆ. ಕೈಯಲ್ಲಿ ಆ ಚೂರು ಹಿಡಿದು, ಹಸುವಿನ ಕಣ್ಣು ತೆಗೆದ ಪಾಪಿ ಎಂದೆ. ಇನ್ನೂ ಏನೇನೋ ಎಂದೆ, ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

"ಅಣ್ಣಾ, ನಾನಲ್ಲಣ್ಣ. ನನ್ ಮನೇಲೂ ಅಸು ಐತೆ. ಅದ್ರ ಮ್ಯಾಲೆ ಆಣೆ" ಎಂದ ಅವನು.

ಆಣೆ ಮಾಡಿದ್ದು ನನ್ನ ಸಿಟ್ಟಿಗೆ ತುಪ್ಪ ಸುರಿದ ಹಾಗಾಯಿತು. ನಾಲ್ಕು ಜನ ಹೋಗಿ ಅವನ ಬಲೆ ಎತ್ತಿಕೊಂಡು ಬಂದರು. ಸಾಕ್ಷಿ ಎಂದು ಅದನ್ನು ಡೈರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆವತ್ತಿನಿಂದ ಚಲಪತಿಯನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವನ ಹೆಂಡತಿ ಹಾಲಿನ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ, ಸೆರಗು ಮುಖಕ್ಕೆ ಎಳೆದುಕೊಂಡು ನಿಲ್ಲತೊಡಗಿದಳು. ಅವನು ಎದುರಾದರೆ ಅಣ್ಣ ಎನ್ನುವುದನ್ನು ಬಿಟ್ಟು, "ಸೆಕ್ರೆಟ್ರಿಯವ್ರೆ" ಎಂದು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದ.

ಹದಿನೈದು ದಿನ ಕಾದೆ, ತಪ್ಪೊಪ್ಪಿಕೊಂಡಾನು ಎಂದು. ಒಪ್ಪಲಿಲ್ಲ. ಪೊಲೀಸರಿಗೇ ಕೊಡೋಣ ಎಂದು ಸೀಸದ ಚೂರನ್ನೂ, ಬಲೆಯಿಂದ ಕಿತ್ತ ಒಂದು ಮಣಿಯನ್ನೂ ಜೇಬಿನಲ್ಲಿಟ್ಟುಕೊಂಡು ಕೆಜಿಎಫ್‌ಗೆ ಹೊರಟೆ. ಕೋವಿ ಮತ್ತೆ ಕೆಟ್ಟಿತ್ತು, ದಾರಿಯಲ್ಲಿ ತ್ರಾಸಮ್ಮನಿಗೆ ಕೊಟ್ಟು ಹೋಗೋಣ ಎಂದು ನಿಂತೆ.

ಅವರು ಮತ್ತೆ ನಳಿಕೆ ಮೂಸಿದರು. ನನ್ನ ಮುಖ ನೋಡಿದರು, ಬೈಯಲಿಲ್ಲ. ನಾನು ತಪ್ಪು ಮುಚ್ಚಿಕೊಳ್ಳಲು ಬೇರೆ ಮಾತು ತೆಗೆದು, ಜೇಬಿನಿಂದ ಎರಡನ್ನೂ ಮೇಜಿನ ಮೇಲಿಟ್ಟು, "ನೋಡಮ್ಮ, ಇವೆರಡೂ ಒಂದೇ ತಾನೇ? ನಮ್ಮೂರಾಗೆ ಒಬ್ಬ..." ಎಂದು ಶುರುಮಾಡಿದೆ.

"ಹೆಸರು ಬೇಡ" ಎಂದರು. "ಉಸಿರು ಬಿಡಬೇಡ."

ಚೂರನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ಟಿನಲ್ಲಿ ತೊಳೆದು, ಒರಸಿ ತಟ್ಟೆಗೆ ಹಾಕಿದರು. ಮೂರು ಸಲ ತೂಗಿದರು. ಕಾಗದದ ಪೊಟ್ಟಣದ ಮೇಲೆ ಬರೆದರು. ಬಲೆಯ ಮಣಿ ತೂಗಿದರು. ಅದು ಚೂರಿನ ಹತ್ತು ಪಟ್ಟು ಬಂತು. ಅವನು ಮಣಿಯನ್ನು ಕತ್ತರಿಸಿರುತ್ತಾನೆ ಎಂದೆ. ಅವರು ಕೈ ಚಾಚಿದರು. ಏನು ಕೇಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೋವಿಯ ಚೀಲದಲ್ಲಿದ್ದ ನನ್ನ ಪೆಲೆಟ್ ಡಬ್ಬಿ ಕೇಳುತ್ತಿದ್ದರು.

ಡಬ್ಬಿಯಿಂದ ಹತ್ತು ತೆಗೆದು ಒಂದೊಂದಾಗಿ ತೂಗಿದರು. ಎಲ್ಲ ಅರ್ಧ ಗ್ರಾಮಿಗೆ ಸ್ವಲ್ಪ ಮೇಲೆ. ಚೂರಿನ ತೂಕವೂ ಅಲ್ಲೇ, ಆ ಹತ್ತರ ನಡುವೆಯೇ ಬಂದು ಕುಳಿತಿತು.

"ಕತ್ತರಿಸಿದ ಅಂತೀಯಲ್ಲ. ನಿನ್ನ ಡಬ್ಬಿಗೆ ಸರಿಯಾಗಿ ಕತ್ತರಿಸೋಕೆ ಅವನ ಮನೇಲಿ ಇಂಥಾ ತ್ರಾಸು ಇದೆಯಾ?"

"ಆದ್ರೆ ಗಾಳಿಕೋವಿ ನೂರು ಎಜ್ಜೆ ಓಗಲ್ಲಮ್ಮ. ಓದ್ರೂ ಕಣ್ಣು ಕೀಳೋವಷ್ಟು ಇರಲ್ಲ."

"ಅಳೆದಿದ್ದೀಯಾ?"

ಅಳೆದಿರಲಿಲ್ಲ. ಅವರು ತಂದೆಯ ಕೋವಿ ತೆಗೆದುಕೊಂಡು ಹೊರಗೆ ಬಂದರು. ಶೆಡ್ಡಿನ ಆಚೆ ಗಣಿಯ ಬಿಳಿ ಮಣ್ಣಿನ ದಿಬ್ಬ, ಸುತ್ತ ಯಾರೂ ಇಲ್ಲ. ಒಂದು ಖಾಲಿ ತಗಡಿನ ಡಬ್ಬ ಕೊಟ್ಟು ದಿಬ್ಬದ ಬುಡದಲ್ಲಿ ಇಟ್ಟು ಬಾ ಎಂದರು. ಹೆಜ್ಜೆ ಎಣಿಸಿಕೊಂಡು ಹೋದೆ. ನೂರಾದ ಮೇಲೆ ಹಟಕ್ಕೆ ಇನ್ನೂ ಹತ್ತು ಹೆಜ್ಜೆ ಹೋಗಿ ಇಟ್ಟೆ. ವಾಪಸು ಬಂದು ಅವರ ಹಿಂದೆ ನಿಂತೆ. ಅವರು ಡಬ್ಬಕ್ಕಿಂತ ಎಷ್ಟೋ ಮೇಲಕ್ಕೆ ಗುರಿ ಹಿಡಿದರು. ಎರಡು ಮಣ್ಣಿಗೆ ಹೋದವು. ಮೂರನೆಯದಕ್ಕೆ ಟಣ್ ಎಂದಿತು.

ಅರವತ್ತು ದಾಟಿದ ಹೆಂಗಸಿನ ಹಳೆಯ ಕೋವಿ. ಎಣ್ಣೆ ಇಲ್ಲ, ಸದ್ದಿಲ್ಲ. ಹೋಗಿ ಎತ್ತಿ ನೋಡಿದರೆ ಡಬ್ಬದ ಒಂದು ಮೈಯಲ್ಲಿ ದುಂಡನೆಯ ತೂತು. ಅಲ್ಲಾಡಿಸಿದರೆ ಒಳಗೆ ಪೆಲೆಟ್ ಗಲಗಲ ಎಂದಿತು. ನಾನು ಆ ತೂತಿಗೆ ಕಿರುಬೆರಳು ಇಟ್ಟು ನೋಡಿದೆ. ನನ್ನ ಚುಕ್ಕಿ, ಚಲಪತಿಯ ಹೆಂಡತಿಯ ಸೆರಗು, ಸಾಲಿನಲ್ಲಿ ನಾನು ಆಡಿದ ಮಾತು, ಎಲ್ಲ ಒಟ್ಟಿಗೆ ಬಂದವು. ಅಲ್ಲೇ ದಿಬ್ಬದ ಬುಡದಲ್ಲಿ ಕುಕ್ಕರಿಸಿ ಕುಳಿತುಬಿಟ್ಟೆ. ಅತ್ತುಬಿಟ್ಟೆ ಎಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ. ಆಮೇಲೆ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ, ಹೆಸರೊಂದನ್ನು ಬಿಟ್ಟು.

ಅವರು ಸಮಾಧಾನ ಮಾಡಲಿಲ್ಲ. ಕಾಫಿ ಕೊಟ್ಟು ಕೇಳಿದರು: "ಹಾಲಿಗೆ ನೀರು ಬೆರೆಸಿದ್ದಾನೆ ಅಂತ ಲ್ಯಾಕ್ಟೋಮೀಟರ್ ಹಾಕದೆ ಹೇಳ್ತೀಯಾ?"

"ಇಲ್ಲ."

"ನಿನ್ನ ಭಾವಮೈದುನ ತಂದ್ರೂ?"

"ಅವನಿಗೂ ಆಕ್ತೀನಿ."

"ಮತ್ತೆ?"

ಬಲೆಯನ್ನು ಇವತ್ತೇ ಅವನ ಮನೆಗೆ ಕೊಟ್ಟುಬಿಡುತ್ತೇನೆ, ಕೈ ಹಿಡಿದು ಕ್ಷಮೆ ಕೇಳುತ್ತೇನೆ ಎಂದೆ.

"ಬೈದಾಗ ಎಷ್ಟು ಜನ ಇದ್ರು?"

"ಊರೇ ಇತ್ತು."

"ಈ ತಟ್ಟೆಗೆ ಎಷ್ಟು ಹಾಕಿದ್ಯೋ ಆ ತಟ್ಟೆಗೂ ಅಷ್ಟೇ ಹಾಕಬೇಕಪ್ಪಾ. ಅವನ ಮನೇಲಿ ಗುಟ್ಟಾಗಿ ಹೇಳಿದ್ರೆ ಮುಳ್ಳು ನಿಲ್ಲಲ್ಲ. ಊರ ಮುಂದೆ ಹೇಳು. ಈ ಮಣಿ ಇಲ್ಲೇ ಇರಲಿ, ಅವನೇ ಬಂದು ತಗೊಂಡು ಹೋಗ್ಲಿ."

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಹಾಲು ಪರೀಕ್ಷೆಯ ಯಂತ್ರ ಆಫ್ ಮಾಡಿದೆ. ಹೇಳದೆ ಹಾಲು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿಕೊಂಡಿದ್ದೆ. ಸಾಲಿನ ಕೊನೆಯಲ್ಲಿ ಚಲಪತಿಯ ಹೆಂಡತಿ ಇದ್ದಳು. ಅವನನ್ನೂ ಹೇಳಿ ಕಳಿಸಿ ಕರೆಸಿದ್ದೆ, ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ.

"ಚುಕ್ಕಿ ಕಣ್ಣು ತೆಗೆದೋನು ಚಲಪತಿ ಅಲ್ಲ. ನಾನು. ನನ್ ಗಾಳಿಕೋವಿ. ತೂಕ ಆಕಿ ನೋಡ್ಕೊಂಡ್ ಬಂದಿದೀನಿ" ಎಂದೆ.

ನಾನು ಬೈಗುಳಕ್ಕೆ ತಯಾರಾಗಿದ್ದೆ, ನಗೆಗೂ ತಯಾರಾಗಿದ್ದೆ. ಆದದ್ದು ಎರಡೂ ಅಲ್ಲ. ಯಾರೂ ನಂಬಲಿಲ್ಲ.

"ಗಾಳಿಕೋವಿಗೆ ಅಸು ಕಣ್ಣು ಓಗ್ತದಾ? ಯಾರನ್ನ ಯಾಮಾರಿಸ್ತೀಯ?" ಎಂದರು ಹಿರಿಯರಾದ ದೊಡ್ಡಪ್ಪಯ್ಯ. ಇನ್ನೊಬ್ಬ, "ಪಾಪ, ಕೂಲಿ ಸಿಗ್ತಿಲ್ಲ ಅಂತ ಅವನ್ನ ಉಳಿಸಾಕೆ ಇಂಗಂತಾವ್ನೆ. ಸೆಕ್ರೆಟ್ರಿದು ದೊಡ್ ಮನ್ಸು" ಎಂದ. ಹೌದು ಹೌದು ಎಂದು ಸಾಲೆಲ್ಲ ತಲೆಯಾಡಿಸಿತು. ಹೇಗಿದೆ ನೋಡಿ. ನಾನು ಮೂವತ್ತು ಹೆಜ್ಜೆಯ ಸುಳ್ಳನ್ನು ನಂಬಿ ಒಬ್ಬನನ್ನು ಕೆಡವಿದೆ. ಅದೇ ಸುಳ್ಳನ್ನು ನಂಬಿದ ಊರು ಈಗ ನನಗೆ ಹಾರ ಹಾಕುತ್ತಿತ್ತು. ಸುಮ್ಮನಿದ್ದುಬಿಟ್ಟಿದ್ದರೆ ನಾನು ಆ ದಿನ ಊರಿಗೇ ದೊಡ್ಡ ಮನುಷ್ಯ. ಒಂದು ಗಳಿಗೆ ಆಸೆಯೂ ಆಯಿತು. ಮರದ ಕೆಳಗೆ ನಿಂತಿದ್ದ ಚಲಪತಿ ಆ ಒಂದು ಗಳಿಗೆಯನ್ನು ನೋಡುತ್ತಿದ್ದ.

ಬೀರು ತೆಗೆದು ಬಲೆಯನ್ನು ಅವನ ಕೈಗೆ ಕೊಟ್ಟೆ. ಅವನು ಅಲ್ಲೇ ಕುಳಿತು ಅಂಚಿನ ಮಣಿಗಳನ್ನು ಬೆರಳಲ್ಲಿ ಎಣಿಸತೊಡಗಿದ. ಸುತ್ತಲೂ, ಒಂದೊಂದಾಗಿ. ಹಾಲಿನ ಸಾಲು ಕಾಯುತ್ತಿತ್ತು, ಯಾರೂ ಬೇಗ ಆಗಲಿ ಎನ್ನಲಿಲ್ಲ. ಎಣಿಸಿ ಮುಗಿಸಿ ತಲೆ ಎತ್ತಿದ.

"ಒಂದ್ ಕಮ್ಮಿ ಐತೆ, ಸೆಕ್ರೆಟ್ರಿಯವ್ರೆ."

"ಊರಿಗಾಂನಾಗೈತೆ. ಬಾ, ತಗೊಂಡ್ ಬರಾಣ. ನೀನೇ ನೋಡು" ಎಂದೆ.

ನನ್ನ ಬೈಕಿನ ಹಿಂದೆ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಊರಿಗಾಂನಲ್ಲಿ ತ್ರಾಸಮ್ಮ ಹಿಂದಿನ ದಿನ ಮಾಡಿದ್ದನ್ನೆಲ್ಲ ಅವನ ಮುಂದೆ ಮತ್ತೆ ಮಾಡಿದರು. ಅವನ ಹೆಸರು ಕೇಳಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿ ಕೂರಿಸಿ, "ಮುಳ್ಳು ನೀನೇ ನೋಡಪ್ಪಾ. ಉಸಿರು ಬಿಡಬೇಡ" ಎಂದರು. ಚೂರು ಒಂದು ಕಡೆ, ನನ್ನ ಪೆಲೆಟ್ ಒಂದು ಕಡೆ. ಮುಳ್ಳು ಆ ಕಡೆ ಈ ಕಡೆ ಹೋಗಿ ನಡುವಿನಲ್ಲಿ ನಿಂತಿತು. ಚಲಪತಿ ಅದನ್ನೇ ನೋಡುತ್ತಾ ಕುಳಿತ. ಕುತ್ತಿಗೆಯ ನರ ಉಬ್ಬಿತ್ತು. ಹದಿನೇಳು ದಿನದಿಂದ ಅವನು ಹಾಗೇ ಕುಳಿತಿದ್ದಾನೆ ಅನ್ನಿಸಿತು ನನಗೆ.

"ಈಗ ಬಿಡಪ್ಪಾ ಉಸಿರು" ಎಂದರು ತ್ರಾಸಮ್ಮ.

ಅವನು ಬಿಟ್ಟ. ಮಣಿ ತೆಗೆದುಕೊಂಡ, ಅವರಿಗೆ ಕೈ ಮುಗಿದ. ನನ್ನ ಕಡೆ ತಿರುಗದೆ ಮಣಿಯನ್ನು ಬಲೆಯ ಅಂಚಿಗೆ ಪೋಣಿಸತೊಡಗಿದ. ಪೊಟ್ಟಣದ ಮೇಲೆ ತೂಕದ ಕೆಳಗೆ 'ಯಾರದು' ಎನ್ನುವ ಜಾಗ ಖಾಲಿ ಇತ್ತು. ಅವರು ಪೆನ್ನು ಕೊಟ್ಟರು, ನಾನು ನನ್ನ ಹೆಸರು ಬರೆದೆ.

"ಊರು ನಂಬಲಿಲ್ಲಮ್ಮ" ಎಂದೆ.

"ಮೂರು ಸಲ ತೂಗಬೇಕು ಅಂತ ಹೇಳಿಲ್ವಾ? ನಾಳೆ ಮತ್ತೆ ಹೇಳು. ನಾಳಿದ್ದೂ ಹೇಳು."

ಹೇಳಿದೆ. ಎರಡನೆಯ ದಿನ ತೂತಾದ ಡಬ್ಬ ತೋರಿಸಿದೆ. ಹತ್ತಿರದಿಂದ ಹೊಡೆದಿರುತ್ತೀಯ ಎಂದರು. ಮೂರನೆಯ ದಿನ ಬೆಳಗಿನ ಬಸ್ಸಿನಲ್ಲಿ, ಕೋವಿಯನ್ನು ಚಾಪೆಯಲ್ಲಿ ಸುತ್ತಿಕೊಂಡು ತ್ರಾಸಮ್ಮ ನಮ್ಮೂರಿಗೆ ಬಂದಿಳಿದರು. ನಾನು ಕರೆದಿರಲಿಲ್ಲ. ಕೆರೆಯ ಏರಿಯ ಮಣ್ಣಿಗೆ ಡಬ್ಬ ಒರಗಿಸಿ, ಆ ಕಡೆ ಯಾರೂ ಹೋಗದಂತೆ ಜನ ನಿಲ್ಲಿಸಿ, ದೊಡ್ಡಪ್ಪಯ್ಯನಿಂದಲೇ ನೂರು ಹೆಜ್ಜೆ ಎಣಿಸಿಸಿದರು. ಡಬ್ಬ ಟಣ್ ಎಂದ ಮೇಲೆ ಆ ಮುದುಕರು ತೂತಿಗೆ ಬೆರಳಿಟ್ಟು ನೋಡಿ, ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ಚಲಪತಿ, ನಾಳೆ ನಮ್ ತ್ವಾಟಕ್ಕೆ ಬಾರಪ್ಪ" ಎಂದರು. ಬೀಳಿನಿಂದ ದೂರ, ಊರಿನ ಆಚೆ ಬದಿಯಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಗಾಳಿಕೋವಿ ಇದ್ದವು. ಆ ವಾರ ನಾಲ್ಕೂ ಅಟ್ಟ ಸೇರಿದವು.

ನಾನು ಆಮೇಲೆ ಪ್ರತಿ ಭಾನುವಾರ ಅವರ ಶೆಡ್ಡಿಗೆ ಹೋಗತೊಡಗಿದೆ. ಕೋತಿಗಾಗಿ ಅಲ್ಲ, ಕಾಗದಕ್ಕೆ ಹೊಡೆಯಲು. ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನ ಐದು ತೂತುಗಳು ಒಂದು ರೂಪಾಯಿ ನಾಣ್ಯದೊಳಗೆ ಬಿದ್ದವು. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಕೈ ಬಿಡೋಕೆ ಕಲ್ತೆ" ಎಂದರು. ಅವರಿಂದ ನನಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ಚಲಪತಿಯೂ ತಿಂಗಳಿಗೊಮ್ಮೆ ಅವರಿಗೆ ಮೀನು ಕೊಟ್ಟು ಬರುತ್ತಿದ್ದ. ನನ್ನ ಬೈಕಿನಲ್ಲೇ ಬರುತ್ತಿದ್ದ. ಮಾತಾಡುತ್ತಿದ್ದ, ನಗುತ್ತಿದ್ದ, ಚುಕ್ಕಿ ಕರು ಹಾಕಿದಾಗ ಮನೆಗೆ ಬಂದು ನೋಡಿಕೊಂಡು ಹೋದ. ಆದರೆ ಆರು ವರ್ಷವೂ ನಾನು ಅವನಿಗೆ ಸೆಕ್ರೆಟ್ರಿಯವ್ರೇ. ಅದನ್ನು ಕೇಳಿ ಕೇಳಿ ಅಭ್ಯಾಸವಾಗಿದೆ ಎಂದು ಹೇಳಿಕೊಳ್ಳುತ್ತಿದ್ದೆ, ಆಗಿರಲಿಲ್ಲ. ಒಮ್ಮೆ ತ್ರಾಸಮ್ಮನ ಹತ್ತಿರ ಹೇಳಿಕೊಂಡೆ. "ನಿನ್ನ ತಟ್ಟೆಗೆ ನೀನು ಹಾಕಿದ್ದೀಯ. ಅವನ ಮುಳ್ಳನ್ನ ಬೆರಳಲ್ಲಿ ತಳ್ಳೋಕೆ ಹೋಗಬೇಡ" ಎಂದರು. ತಳ್ಳಲಿಲ್ಲ.

ಕಳೆದ ತಿಂಗಳು ಸುದ್ದಿ ಬಂದಾಗ ಇಬ್ಬರೂ ಅದೇ ಬೈಕಿನಲ್ಲಿ ಹೋದೆವು. ತಮಟೆಯವರು ಆಗಲೇ ಬಂದಿದ್ದರು. ಅವರು ಕಲಿಸಿದ ಹುಡುಗಿಯರು, ಒಬ್ಬಳು ಪೊಲೀಸ್ ಸಮವಸ್ತ್ರದಲ್ಲಿ, ಗೋಡೆಗೆ ಒರಗಿ ಅಳುತ್ತಿದ್ದರು. ಬಾಗಿಲಿನಿಂದ ಒಳಗೆ ಗಾಜಿನ ಪೆಟ್ಟಿಗೆ ಕಾಣುತ್ತಿತ್ತು, ಅದರ ಮೇಲೆ ಯಾರೋ ಹೂವಿನ ಬುಟ್ಟಿ ಇಟ್ಟಿದ್ದರು. ಚಲಪತಿ ಹೋಗಿ ಆ ಬುಟ್ಟಿಯನ್ನು ಕೆಳಗಿಳಿಸಿ ಬಂದು ನನ್ನ ಪಕ್ಕ ನಿಂತ.

ನಾನು ಮೊದಲೇ ಹೇಳಿದೆನಲ್ಲ, ಉಸಿರು ಹಿಡಿದು ನಿಂತಿದ್ದೆ. ಎಷ್ಟು ಹೊತ್ತು ಗೊತ್ತಿಲ್ಲ. ಕಣ್ಣು ಮಂಜಾಯಿತು, ಆದರೂ ಬಿಡಲು ಆಗಲಿಲ್ಲ. ಆಗ ಬೆನ್ನ ಮೇಲೆ ಒಂದು ಕೈ ಬಂತು. ಬಲೆ ಎಳೆದು ಎಳೆದು ಒರಟಾದ ಕೈ.

"ಈಗ ಬುಡಣ್ಣ, ಉಸ್ರು" ಎಂದ ಚಲಪತಿ.